ಮೊದಲ ಟ್ರ್ಯಾಕ್ ಡೇಗೆ ಹೊರಡುವ ಮುನ್ನ: ಹೆಲ್ಮೆಟ್, ಬಟ್ಟೆ, ಬೆಲ್ಟ್ ಆರಿಸುವ ಬಗೆ

ಚಿಕ್ಕಮಗಳೂರು ಸೀಮೆಯವರಿಗೆ ಕಾರಿನ ಓಟ ಹೊಸದಲ್ಲ. ಏಷ್ಯಾ-ಪೆಸಿಫಿಕ್ ರ‍್ಯಾಲಿ ಚಾಂಪಿಯನ್‌ಷಿಪ್‌ನ ಭಾರತದ ಸುತ್ತು ಇಲ್ಲಿನ ಕಾಫಿ ತೋಟಗಳ ಮಣ್ಣುದಾರಿಯಲ್ಲಿ ನಡೆದಿದೆ. ಗೌರವ್ ಗಿಲ್ ಅವರಂಥವರು ದೂಳೆಬ್ಬಿಸಿಕೊಂಡು ಹೋಗುವುದನ್ನು ಬೇಲಿಯಾಚೆ ನಿಂತು ನೋಡಿದ ಮಕ್ಕಳು ಈಗ ಸ್ವಂತ ಕಾರು ಓಡಿಸುವ ವಯಸ್ಸಿಗೆ ಬಂದಿದ್ದಾರೆ. ಚಾರ್ಮಾಡಿ, ಶಿರಾಡಿ ತಿರುವುಗಳಲ್ಲಿ ಆ ಆಸೆ ತೀರಿಸಿಕೊಳ್ಳುವುದಕ್ಕಿಂತ ಟ್ರ್ಯಾಕಿಗೆ ಹೋಗುವುದು ಸಾವಿರ ಪಾಲು ಮೇಲು. ಟ್ರ್ಯಾಕಿನಲ್ಲಿ ಎದುರಿನಿಂದ ಬಸ್ಸು ಬರುವುದಿಲ್ಲ, ದನ ಅಡ್ಡ ಬರುವುದಿಲ್ಲ, ಆಂಬುಲೆನ್ಸ್ ಗೇಟಿನ ಬಳಿಯೇ ನಿಂತಿರುತ್ತದೆ.

ಹಾಸನ, ಚಿಕ್ಕಮಗಳೂರಿನಿಂದ ಹೊರಟವರಿಗೆ ಕೈಗೆಟಕುವ ದೂರದಲ್ಲಿರುವ ಟ್ರ್ಯಾಕುಗಳು ತಮಿಳುನಾಡಿನಲ್ಲಿವೆ. ಕೊಯಮತ್ತೂರಿನ ಚೆಟ್ಟಿಪಾಳ್ಯಂನಲ್ಲಿರುವ ಕರಿ ಮೋಟಾರ್ ಸ್ಪೀಡ್‌ವೇ 2003ರಲ್ಲಿ ಶುರುವಾದದ್ದು, ಸುಮಾರು 2.1 ಕಿ.ಮೀ. ಉದ್ದ. ಚೆನ್ನೈ ಹತ್ತಿರ ಇರುಂಗಾಟ್ಟುಕೋಟೈನ ಟ್ರ್ಯಾಕ್ 1990ರದ್ದು, ಸುಮಾರು 3.7 ಕಿ.ಮೀ. ಟ್ರ್ಯಾಕ್ ಡೇ ಅಂದರೆ ರೇಸ್ ಅಲ್ಲ. ದುಡ್ಡು ಕಟ್ಟಿ, ನಿಮ್ಮದೇ ಕಾರಿನಲ್ಲಿ, ಸರದಿ ಪ್ರಕಾರ ಇಷ್ಟಿಷ್ಟು ನಿಮಿಷ ಓಡಿಸುವುದು. ಬಹುಮಾನವಿಲ್ಲ, ಯಾರನ್ನೂ ಸೋಲಿಸಬೇಕಿಲ್ಲ. (ಬೈಕಿನವರ ಟ್ರ್ಯಾಕ್ ಡೇಗೆ ಬೇಕಾದ ಚರ್ಮದ ಸೂಟು, ಬೂಟುಗಳ ಲೆಕ್ಕವೇ ಬೇರೆ. ಇಲ್ಲಿ ಹೇಳುತ್ತಿರುವುದು ಕಾರಿನದು ಮಾತ್ರ.)

ಹೊರಟವರು ಬಂದು ಕೇಳುವ ಪ್ರಶ್ನೆ ಹೆಚ್ಚುಕಮ್ಮಿ ಒಂದೇ.

"ಅಣ್ಣ, ಫೋರ್ ಪಾಯಿಂಟ್ ಬೆಲ್ಟ್ ಹಾಕಿಸ್ಲಾ? ರೇಸ್ ಸೂಟ್ ತಗೊಳ್ಲಾ?"

"ಹೆಲ್ಮೆಟ್ ಯಾವ್ದಿದೆ ಮಾರಾಯ?"

"ಬೈಕಿಂದು ಇದೆಯಲ್ಲ, ಅದೇ ಸಾಕು ಬಿಡಿ."

(ಫೋರ್ ಪಾಯಿಂಟ್ ಬೆಲ್ಟ್ ಅಂದರೆ ಎರಡೂ ಭುಜವನ್ನೂ ಸೊಂಟವನ್ನೂ ಬಿಗಿಯುವ, ನಾಲ್ಕು ಕಡೆ ಕಟ್ಟುವ ರೇಸ್ ಬೆಲ್ಟ್.) ಖರ್ಚಿನ ಕ್ರಮ ತಲೆಕೆಳಗಾಗುವುದು ಇಲ್ಲೇ. ಮೊದಲು ಹೆಲ್ಮೆಟ್, ಆಮೇಲೆ ಬಟ್ಟೆ ಮತ್ತು ಶೂ. ಬೆಲ್ಟು, ಸೀಟು, ಸೂಟುಗಳೆಲ್ಲ ಎಷ್ಟೋ ಟ್ರ್ಯಾಕ್ ಡೇಗಳಾದ ಮೇಲಿನ ಮಾತು. ಅವನ್ನು ಅರ್ಧಂಬರ್ಧ ಹಾಕಿಸಿದರೆ ಕಂಪನಿಯಿಂದ ಬಂದ ಕಾರಿನಲ್ಲಿರುವ ರಕ್ಷಣೆಯೂ ಕೆಡುತ್ತದೆ. ಯಾಕೆಂದು ಮುಂದೆ ವಿವರವಾಗಿ ಹೇಳುತ್ತೇನೆ.

ಮೊದಲು ನಿಯಮಾವಳಿ ತರಿಸಿಕೊಳ್ಳಿ

ಏನನ್ನೂ ಕೊಳ್ಳುವ ಮುಂಚೆ ಆಯೋಜಕರಿಂದ ನಿಯಮಾವಳಿ ತರಿಸಿಕೊಂಡು ಓದಿ. ಕೆಲವರು ಒಳ್ಳೆಯ ಬೈಕ್ ಹೆಲ್ಮೆಟನ್ನೂ ಒಪ್ಪುತ್ತಾರೆ, ಕೆಲವರು ಕಾರ್ ರೇಸಿನ ಗುರುತಿರುವ ಹೆಲ್ಮೆಟ್ಟೇ ಬೇಕೆನ್ನುತ್ತಾರೆ. ಎಷ್ಟು ಹಳೆಯದು ನಡೆಯುತ್ತದೆ, ಪಕ್ಕದಲ್ಲಿ ಕೂರುವವರಿಗೂ ಹೆಲ್ಮೆಟ್ ಕಡ್ಡಾಯವೇ, ಕಿಟಕಿ ಗಾಜು ಇಳಿಸಿರಬೇಕೇ, ಇವನ್ನು ಕೇಳಿ. ಗೇಟಿನ ಹತ್ತಿರ ಬಾಡಿಗೆಗೆ ಸಿಗುತ್ತದೆ ಎಂದು ನಂಬಿ ಹೋಗಬೇಡಿ. ಸಿಕ್ಕರೂ ಅದು ನಿಮ್ಮ ತಲೆಗೆ ಸರಿಹೊಂದುವ ಖಾತ್ರಿ ಇರುವುದಿಲ್ಲ.

ಹೆಲ್ಮೆಟ್: ಒಳಗಿನ ಸ್ಟಿಕ್ಕರ್ ನೋಡಿ

ಹಾಸನದ ಬಿ.ಎಂ. ರಸ್ತೆಯಲ್ಲೋ ಚಿಕ್ಕಮಗಳೂರಿನ ಎಂ.ಜಿ. ರಸ್ತೆಯಲ್ಲೋ ಅಂಗಡಿಗೆ ಹೋದರೆ ನಿಮ್ಮ ಮುಂದಿಡುವುದು ಬೈಕ್ ಹೆಲ್ಮೆಟ್. ಅದರ ಮೇಲಿರುವುದು ಐಎಸ್‌ಐ ಮುದ್ರೆ, ಐಎಸ್ 4151 ಎಂಬ ಮಾನದಂಡ. 2021ರ ಜೂನ್‌ನಿಂದ ಈ ಮುದ್ರೆಯಿಲ್ಲದ ದ್ವಿಚಕ್ರ ಹೆಲ್ಮೆಟ್ ಮಾರುವಂತೆಯೇ ಇಲ್ಲ. ದುಬಾರಿಯವುಗಳ ಮೇಲೆ ಯುರೋಪಿನ ಇಸಿಇ 22.06 ಗುರುತೂ ಇರುತ್ತದೆ. ರಸ್ತೆಯಲ್ಲಿ ಬೈಕಿನಿಂದ ಬಿದ್ದರೆ ತಲೆ ಕಾಯಲೆಂದು ಮಾಡಿದ ಹೆಲ್ಮೆಟ್‌ಗಳಿವು. ಆ ಕೆಲಸವನ್ನು ಚೆನ್ನಾಗಿಯೇ ಮಾಡುತ್ತವೆ.

ಕಾರಿನೊಳಗಿನ ಅಪಾಯ ಬೇರೆ. ತಲೆ ಒಂದೇ ಕಂಬಕ್ಕೆ ಮತ್ತೆ ಮತ್ತೆ ಬಡಿಯಬಹುದು, ಬೆಂಕಿ ಹೊತ್ತಿಕೊಳ್ಳಬಹುದು. ಇದಕ್ಕೆಂದೇ ಅಮೆರಿಕದ ಸ್ನೆಲ್ ಪ್ರತಿಷ್ಠಾನ 'ಎಸ್‌ಎ' ಎಂಬ ಮಾನದಂಡ ಮಾಡಿದೆ. 1956ರಲ್ಲಿ ರೇಸಿನಲ್ಲಿ ತಲೆಗೆ ಪೆಟ್ಟಾಗಿ ತೀರಿಕೊಂಡ ಪೀಟ್ ಸ್ನೆಲ್ ಎಂಬ ಚಾಲಕನ ನೆನಪಿಗೆ, ಮರುವರ್ಷ ಹುಟ್ಟಿಕೊಂಡ ಸಂಸ್ಥೆ ಅದು. ಎಸ್‌ಎ ಹೆಲ್ಮೆಟ್ಟಿಗೆ ಬೆಂಕಿಯ ಪರೀಕ್ಷೆ ಇದೆ, ರೋಲ್ ಕೇಜಿನ (ಕಾರು ಮಗುಚಿದರೂ ಛಾವಣಿ ಕುಸಿಯದಂತೆ ಒಳಗೆ ಕೂರಿಸುವ ಉಕ್ಕಿನ ಪಂಜರ) ಕಂಬಿಗೆ ಬಡಿಯುವುದನ್ನು ಹೋಲುವ ಪರೀಕ್ಷೆಯೂ ಇದೆ. ಬೈಕಿನವರ 'ಎಂ' ಮಾನದಂಡದಲ್ಲಿ ಇವೆರಡೂ ಇಲ್ಲ. ಗೋ-ಕಾರ್ಟಿನ 'ಕೆ' ಗುರುತಿನ ಹೆಲ್ಮೆಟ್ಟಿಗೂ ಬೆಂಕಿಯ ಪರೀಕ್ಷೆ ಇಲ್ಲ. ನೋಡಲು ಮೂರೂ ಒಂದೇ ಥರ ಕಂಡಾವು, ಆದ್ದರಿಂದ ಕೊಳ್ಳುವಾಗ ಒಳಗಿನ ಬಟ್ಟೆಯ ಮೆತ್ತೆ ಸರಿಸಿ ಸ್ಟಿಕ್ಕರ್ ಓದಿ. ಎಸ್‌ಎ 2020 ಅಥವಾ ಎಸ್‌ಎ 2025 ಎಂದಿದ್ದರೆ ಕಣ್ಣುಮುಚ್ಚಿ ತಗೊಳ್ಳಬಹುದು. ಅಂತರರಾಷ್ಟ್ರೀಯ ಮೋಟಾರ್ ಕ್ರೀಡಾ ಸಂಸ್ಥೆಯಾದ ಎಫ್‌ಐಎಯ ಗುರುತು, ಎಫ್‌ಐಎ 8859-2015 ಎಂದಿದ್ದರೂ ಒಳ್ಳೆಯದೇ. ಇಂಥ ಹೆಲ್ಮೆಟ್ ನಮ್ಮೂರಿನ ಅಂಗಡಿಯಲ್ಲಿ ಸಿಗುವುದು ಕಷ್ಟ, ಬೆಂಗಳೂರಿನಿಂದಲೋ ಹೊರಗಿನಿಂದಲೋ ತರಿಸಬೇಕು.

ಒಂದೇ ಒಂದು ಟ್ರ್ಯಾಕ್ ಡೇ ನೋಡಿ ಬರೋಣ ಎನ್ನುವವರು, ಆಯೋಜಕರು ಒಪ್ಪಿದರೆ, ಮುಖ ಪೂರ್ತಿ ಮುಚ್ಚುವ ಒಳ್ಳೆಯ ಬೈಕ್ ಹೆಲ್ಮೆಟ್ಟಿನಲ್ಲಿ ಹೋಗಿಬರಬಹುದು. ಮತ್ತೆ ಮತ್ತೆ ಹೋಗುವ ಮನಸ್ಸಿದ್ದರೆ ಮೊದಲ ದೊಡ್ಡ ಖರ್ಚು ಎಸ್‌ಎ ಹೆಲ್ಮೆಟ್ ಆಗಲಿ.

ಸೆಕೆಂಡ್ ಹ್ಯಾಂಡ್ ಬೇಡ. ರ‍್ಯಾಲಿ ಆಡುವವರ ಬಳಗ ಇಲ್ಲಿ ದೊಡ್ಡದು, "ಎರಡು ಸಲ ಹಾಕಿದ್ದು ಅಷ್ಟೆ" ಎಂದು ಕಡಿಮೆ ಬೆಲೆಗೆ ಕೊಡುವವರು ಸಿಗುತ್ತಾರೆ. ಹೇಳುವವರು ಸುಳ್ಳು ಹೇಳುತ್ತಾರೆಂದಲ್ಲ. ಹೆಲ್ಮೆಟ್ಟಿನ ಒಳಗಿರುವ ಥರ್ಮೋಕೋಲ್ ಪದರ ಪೆಟ್ಟು ಬಿದ್ದಾಗ ತಾನು ಕುಗ್ಗಿ ತಲೆಯನ್ನು ಉಳಿಸುತ್ತದೆ, ಒಮ್ಮೆ ಕುಗ್ಗಿದರೆ ಮತ್ತೆ ಉಬ್ಬುವುದಿಲ್ಲ, ಮತ್ತು ಅದು ಕುಗ್ಗಿದ್ದು ಹೊರಗಿನಿಂದ ಕಾಣುವುದಿಲ್ಲ.

ಅಳತೆ: ಇದಕ್ಕೆ ಅರ್ಧ ದಿನ ಕೊಡಿ

ಯಾವ ಕಂಪನಿಯದು ಎಂಬುದಕ್ಕಿಂತ ತಲೆಗೆ ಕೂತಿದೆಯೇ ಎಂಬುದು ಮುಖ್ಯ. ಹುಬ್ಬಿನ ಮೇಲೆ ಒಂದು ಬೆರಳಗಲ ಬಿಟ್ಟು, ಹಿಂದೆ ತಲೆ ಅತಿ ಹೆಚ್ಚು ಉಬ್ಬಿದ ಕಡೆ ಹಾಯುವಂತೆ ದರ್ಜಿಯ ಟೇಪಿನಿಂದ ಅಳೆಯಿರಿ. ಬಂದ ಸೆಂಟಿಮೀಟರನ್ನು ಆಯಾ ಕಂಪನಿಯ ಪಟ್ಟಿಯ ಜೊತೆ ಹೋಲಿಸಿ, ಯಾಕೆಂದರೆ ಒಂದು ಕಂಪನಿಯ 'ಎಂ' ಇನ್ನೊಂದರ 'ಎಲ್' ಆಗಿರಬಹುದು.

ಹೆಲ್ಮೆಟ್ ಕೈಗೆ ಬಂದಮೇಲೆ ಹಾಕಿಕೊಳ್ಳಿ. ಕೆನ್ನೆ ಎರಡೂ ಕಡೆ ಒತ್ತಿರಬೇಕು, ಒಳಗೆ ಮಾತಾಡಿದರೆ ಕೆನ್ನೆಯ ಒಳಭಾಗ ಹಲ್ಲಿಗೆ ತಾಗುವಷ್ಟು. ಎರಡೂ ಕೈಯಲ್ಲಿ ಹಿಡಿದು ಎಡಕ್ಕೆ ಬಲಕ್ಕೆ ತಿರುಗಿಸಿ: ಹೆಲ್ಮೆಟ್ ಜೊತೆಗೆ ಮುಖದ ಚರ್ಮವೂ ಎಳೆದುಕೊಂಡು ಬರಬೇಕು, ಹೆಲ್ಮೆಟ್ ಮಾತ್ರ ತಿರುಗಿದರೆ ದೊಡ್ಡದಾಯಿತು. ಪಟ್ಟಿ ಬಿಗಿದು, ಹಿಂಭಾಗದ ಅಂಚನ್ನು ಇನ್ನೊಬ್ಬರು ಮುಂದಕ್ಕೆ ಎತ್ತಿ ನೋಡಲಿ. ಕಳಚಿ ಬಂದರೆ ಬೇಡವೇ ಬೇಡ. ಹಣೆಯ ಒಂದೇ ಜಾಗದಲ್ಲಿ ಚುಚ್ಚಿದಂತಾದರೆ ಅದು ನಿಮ್ಮ ತಲೆಯ ಆಕಾರದ್ದಲ್ಲ, ಒಂದು ಸೈಜ್ ದೊಡ್ಡದು ತಗೊಂಡರೂ ಸರಿಹೋಗುವುದಿಲ್ಲ, ಕಂಪನಿ ಬದಲಿಸಬೇಕು. ಇಷ್ಟಾದ ಮೇಲೆ ಮನೆಯಲ್ಲಿ ಅರ್ಧ ಗಂಟೆ ಹಾಗೇ ಹಾಕಿಕೊಂಡಿರಿ. ನೋವು ತಿಳಿಯುವುದು ಆಮೇಲೆಯೇ.

ಪಟ್ಟಿಯ ತುದಿಯಲ್ಲಿ ಎರಡು ಉಕ್ಕಿನ ಬಳೆಗಳಿರುತ್ತವೆ. ಪಟ್ಟಿಯನ್ನು ಎರಡೂ ಬಳೆಯೊಳಗಿಂದ ತೂರಿಸಿ, ಹೊರಗಿನ ಬಳೆಯ ಮೇಲಿನಿಂದ ಮಡಿಸಿ, ಒಳಗಿನದರೊಳಗಿಂದ ವಾಪಸ್ ಎಳೆಯಬೇಕು. ಬರೀ ಎರಡರಲ್ಲೂ ತೂರಿಸಿ ಬಿಟ್ಟರೆ ಜಾರುತ್ತದೆ. ಗ್ಲೌಸ್ ಹಾಕಿದ ಮೇಲೆ ಇದು ಕಷ್ಟ, ಆದ್ದರಿಂದ ಹೆಲ್ಮೆಟ್ ಮೊದಲು, ಗ್ಲೌಸ್ ಆಮೇಲೆ.

ಇನ್ನೊಂದು ಪರೀಕ್ಷೆ ನಿಮ್ಮ ಕಾರಿನೊಳಗೇ ಆಗಬೇಕು. ಹೆಲ್ಮೆಟ್ ಹಾಕಿಕೊಂಡು ಸೀಟಿನಲ್ಲಿ ಕೂತು ನೋಡಿ, ಛಾವಣಿಗೂ ನೆತ್ತಿಗೂ ನಡುವೆ ಜಾಗ ಉಳಿದಿದೆಯೇ? ಸನ್‌ರೂಫ್ ಇರುವ ಕಾರಿನಲ್ಲಿ ಎತ್ತರದವರಿಗೆ ಇದು ನಿಜವಾದ ತೊಂದರೆ. ಹೆಡ್‌ರೆಸ್ಟು ಹೆಲ್ಮೆಟ್ಟನ್ನು ಮುಂದಕ್ಕೆ ದೂಡಿ ಕತ್ತು ಬಗ್ಗಿಸುತ್ತದೆಯೇ? ಸೀಟು ಇಳಿಸಿ, ಬೆನ್ನು ಸ್ವಲ್ಪ ಹಿಂದಕ್ಕೆ ಒರಗಿಸಿ ಸರಿಮಾಡಿಕೊಳ್ಳಿ. ಭುಜ ಸೀಟಿಗೆ ತಾಗಿದ್ದಂತೆಯೇ ಮಣಿಕಟ್ಟು ಸ್ಟಿಯರಿಂಗಿನ ಮೇಲ್ತುದಿಗೆ ಎಟುಕಬೇಕು, ಕ್ಲಚ್ಚು ಪೂರ್ತಿ ಒತ್ತಿದಾಗಲೂ ಮಂಡಿ ಸ್ವಲ್ಪ ಬಗ್ಗಿರಬೇಕು.

ಕನ್ನಡಕದವರು ಕಡ್ಡಿ ನೇರವಾಗಿರುವ ಫ್ರೇಮ್ ಇಟ್ಟುಕೊಳ್ಳಿ, ಕಿವಿಯ ಸುತ್ತ ಬಳಸುವ ಕಡ್ಡಿ ಹೆಲ್ಮೆಟ್ಟಿನೊಳಗೆ ಹೋಗುವುದಿಲ್ಲ. ಗಾಜಿನ ಲೆನ್ಸ್ ಬೇಡ, ಪಾಲಿಕಾರ್ಬೊನೇಟ್ ಹಾಕಿಸಿ. ಉದ್ದ ಕೂದಲಿರುವ ಹೆಣ್ಣುಮಕ್ಕಳು ತುರುಬು ಕಟ್ಟಿದರೆ ಹೆಲ್ಮೆಟ್ ಕೂರುವುದಿಲ್ಲ. ಕತ್ತಿನ ಕೆಳಗೆ ಸಡಿಲವಾಗಿ ಜಡೆ ಹೆಣೆದು ಅಂಗಿಯೊಳಗೆ ಸೇರಿಸಿಕೊಳ್ಳಬೇಕು.

ಬಟ್ಟೆ: ನೂಲಿಗೆ ಬೆಂಕಿ ಹಚ್ಚಿ ನೋಡಿ

ಟ್ರ್ಯಾಕಿನಲ್ಲಿ ನೋಡುವ ಅತಿ ಸಾಮಾನ್ಯ ತಪ್ಪು ಡ್ರೈಫಿಟ್ ಟೀ ಶರ್ಟ್. ಬೆವರು ಹೀರುತ್ತದೆ, ಹಗುರ, ಮೇಲೆ ರೇಸ್ ಕಂಪನಿಯ ಹೆಸರೂ ಇರುತ್ತದೆ. ಆದರೆ ಅದು ಪಾಲಿಯೆಸ್ಟರ್. ಸುಮಾರು 250 ಡಿಗ್ರಿ ಸೆಲ್ಸಿಯಸ್ ದಾಟಿದರೆ ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ. ಹತ್ತಿಯೂ ಉರಿಯುತ್ತದೆ, ಆದರೆ ಕರಗುವುದಿಲ್ಲ. ಸುಟ್ಟಗಾಯದ ಆಳ ಈ ಒಂದು ವ್ಯತ್ಯಾಸದಿಂದ ಬದಲಾಗುತ್ತದೆ.

ಲೇಬಲ್ ಹರಿದುಹೋಗಿದ್ದರೆ ಹೀಗೆ ಮಾಡಿ. ಅಂಗಿಯ ಒಳಹೊಲಿಗೆಯಿಂದ ಒಂದೆರಡು ಎಳೆ ಕಿತ್ತು, ಚಿಮುಟದಲ್ಲಿ ಹಿಡಿದು, ಸ್ಟೀಲ್ ತಟ್ಟೆಯ ಮೇಲೆ ಬೆಂಕಿಕಡ್ಡಿ ತಾಗಿಸಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು ಬೂದಿ ಉದುರುತ್ತದೆ. ಪಾಲಿಯೆಸ್ಟರ್ ಆದರೆ ಜ್ವಾಲೆ ಹತ್ತಿರ ಬರುತ್ತಿದ್ದಂತೆ ಮುದುರಿ, ಕರಗಿ, ತುದಿಯಲ್ಲಿ ಗಟ್ಟಿ ಕಪ್ಪು ಮಣಿಯಾಗುತ್ತದೆ. ಆ ಮಣಿಯನ್ನು ಒಮ್ಮೆ ಕಂಡವರು ಡ್ರೈಫಿಟ್ ಹಾಕಿಕೊಂಡು ಕಾರು ಹತ್ತುವುದಿಲ್ಲ.

ಮೊದಲ ಟ್ರ್ಯಾಕ್ ಡೇಗೆ ತುಂಬುತೋಳಿನ ದಪ್ಪ ಹತ್ತಿ ಅಂಗಿ, ಜೀನ್ಸ್, ಒಳಗೆ ಹತ್ತಿ ಬನಿಯನ್, ಹತ್ತಿ ಅಥವಾ ಉಣ್ಣೆಯ ಕಾಲುಚೀಲ ಸಾಕು. ಜೀನ್ಸ್ ಹತ್ತಿಯದಾಗಿರಲಿ, ಜಿಮ್ಮಿಗೆ ಹಾಕುವ ಹಿಗ್ಗುವ ಪ್ಯಾಂಟು ಬೇಡ. ಬರ್ಮುಡಾ, ಅರ್ಧತೋಳು ಬೇಡ. ದುಪಟ್ಟಾ, ಟೋಪಿ ಕಟ್ಟಿದ ಹೂಡಿ, ದಾರ ತೂಗುವ ಬಟ್ಟೆ ಬೇಡ. ಉಂಗುರ, ಕಡಗ, ವಾಚು, ಕತ್ತಿನ ಸರ ಬಿಚ್ಚಿಡಿ. ಸೀಟ್ ಬೆಲ್ಟಿನ ಕೆಳಗೆ ಸಿಕ್ಕ ಲೋಹ ಎದೆಗೆ ಚುಚ್ಚುತ್ತದೆ.

ರೇಸ್ ಸೂಟ್ ಯಾವಾಗ? ಆಟೊಕ್ರಾಸ್, ರ‍್ಯಾಲಿ, ರೇಸ್ ಎಂದು ಸ್ಪರ್ಧೆಗೆ ಇಳಿಯುವಾಗ. ಆಗ ಭಾರತದ ಮೋಟಾರ್ ಕ್ರೀಡಾ ಒಕ್ಕೂಟವಾದ ಎಫ್‌ಎಂಎಸ್‌ಸಿಐ ನಿಯಮಗಳು ಅನ್ವಯವಾಗುತ್ತವೆ. ಸೂಟಿನ ಬಟ್ಟೆ ನೋಮೆಕ್ಸ್‌ನಂಥ ನಾರಿನದು. ಅದು ಕರಗುವುದಿಲ್ಲ, ಕರಿಕಾಗುತ್ತದೆ. ಅಮೆರಿಕದ ಎಸ್‌ಎಫ್‌ಐ ಎಂಬ ಮಾನದಂಡ ಸಂಸ್ಥೆಯ ಲೆಕ್ಕದಲ್ಲಿ 3.2ಎ/1 ದರ್ಜೆಯ ಸೂಟು ಎರಡನೇ ಹಂತದ ಸುಟ್ಟಗಾಯಕ್ಕೆ ಮುಂಚೆ ಸುಮಾರು 3 ಸೆಕೆಂಡ್ ಕೊಡುತ್ತದೆ, 3.2ಎ/5 ಸುಮಾರು 10 ಸೆಕೆಂಡ್. ಬೆಲ್ಟ್ ಬಿಚ್ಚಿ, ಬಾಗಿಲು ತೆಗೆದು, ಕಾರಿನಿಂದ ಆಚೆ ಬರಲು ನಿಮಗೆ ಎಷ್ಟು ಹೊತ್ತು ಬೇಕೆಂದು ಮನೆಯಂಗಳದಲ್ಲಿ ಎಣಿಸಿ ನೋಡಿದರೆ ಈ ಏಳು ಸೆಕೆಂಡಿನ ಬೆಲೆ ಗೊತ್ತಾಗುತ್ತದೆ. ಎಫ್‌ಐಎ ಸೂಟಾದರೆ 8856-2018 ಎಂಬ ಗುರುತು ಕಾಲರಿನ ಹಿಂದೆ ಇರುತ್ತದೆ. ಗೋ-ಕಾರ್ಟಿನ ಸೂಟು ನೋಡಲು ಇದರಂತೆಯೇ ಇದ್ದು ಬೆಲೆಯೂ ಕಡಿಮೆ, ಆದರೆ ಅದನ್ನು ಮಾಡಿರುವುದು ಡಾಂಬರಿಗೆ ಉಜ್ಜಿದಾಗ ಚರ್ಮ ಉಳಿಯಲೆಂದು. ಬೆಂಕಿಗೆ ಅಲ್ಲ. ಮತ್ತೆ, ಸೂಟು ಮೈಗೆ ಅಂಟುವಷ್ಟು ಬಿಗಿ ಇರಬಾರದು, ಒಳಗಿನ ಗಾಳಿಯ ಪದರವೂ ಶಾಖ ತಡೆಯುತ್ತದೆ.

ಹೆಲ್ಮೆಟ್ಟಿನೊಳಗೆ ಹಾಕುವ ಬಾಲಕ್ಲಾವಾ ನಮ್ಮ ಮಂಕಿ ಕ್ಯಾಪಿನ ಆಕಾರದ್ದೇ. ಮೊದಲಿಗೆ ತೆಳು ಹತ್ತಿಯದು ಸಾಕು, ಬೆವರು ಹೆಲ್ಮೆಟ್ಟಿಗೆ ಇಳಿಯದಂತೆ ತಡೆಯುತ್ತದೆ. ಚಳಿಗಾಲದ ಅಕ್ರಿಲಿಕ್ ಮಂಕಿ ಕ್ಯಾಪ್ ಮಾತ್ರ ಬೇಡ, ಅದೂ ಕರಗುವ ನೂಲು.

ಶೂ ಮತ್ತು ಗ್ಲೌಸ್

ಓಟದ ಶೂಗಳ ಅಡಿ ದಪ್ಪ, ಅಂಚು ಅಗಲ. ಬ್ರೇಕ್ ಒತ್ತಲು ಹೋದಾಗ ಪಕ್ಕದ ಆಕ್ಸಿಲರೇಟರಿಗೂ ತಗಲುತ್ತದೆ, ಪೆಡಲ್ ಎಷ್ಟು ಒತ್ತಿದೆವೆಂದು ಪಾದಕ್ಕೆ ಗೊತ್ತಾಗುವುದಿಲ್ಲ. ತೋಟದ ಗಂಬೂಟು, ಟ್ರೆಕ್ಕಿಂಗ್ ಶೂ ಕೂಡ ಹಾಗೆಯೇ. ಅಡಿ ತೆಳುವಾಗಿ ಚಪ್ಪಟೆಯಾಗಿರುವ, ಪಾದಕ್ಕಿಂತ ಅಗಲವಿಲ್ಲದ ಕ್ಯಾನ್ವಾಸ್ ಅಥವಾ ಚರ್ಮದ ಶೂ ಹುಡುಕಿ. ಲೇಸನ್ನು ಒಳಗೆ ಸಿಕ್ಕಿಸಿ. ಗ್ಲೌಸ್ ಮೊದಲ ದಿನಕ್ಕೆ ಕಡ್ಡಾಯವೇನಲ್ಲ. ಕೈ ಬೆವರುವವರು ಸ್ವೇಡ್ ಅಂಗೈಯ ಡ್ರೈವಿಂಗ್ ಗ್ಲೌಸ್ ತಗೊಳ್ಳಲಿ, ಗೆಣ್ಣಿನ ಮೇಲೆ ಪ್ಲಾಸ್ಟಿಕ್ ಇರುವ ಬೈಕ್ ಗ್ಲೌಸಿನಲ್ಲಿ ಸ್ಟಿಯರಿಂಗ್ ಹಿಡಿತ ಸಿಗುವುದಿಲ್ಲ.

ಬೆಲ್ಟಿನ ವಿಷಯ

ಇಲ್ಲಿ ನಾನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ: ಮಾಮೂಲಿ ಕಾರಿಗೆ ಫೋರ್ ಪಾಯಿಂಟ್ ಬೆಲ್ಟ್ ಒಂದನ್ನೇ ಹಾಕಿಸಬೇಡಿ. ಕಂಪನಿ ಕೊಟ್ಟ ಮೂರು ಬಿಂದುವಿನ ಬೆಲ್ಟು, ಏರ್‌ಬ್ಯಾಗು, ಸೀಟು ಇವು ಮೂರನ್ನೂ ಒಟ್ಟಿಗೆ ಲೆಕ್ಕಹಾಕಿ ಮಾಡಿರುತ್ತಾರೆ. ಒಂದನ್ನು ಕಿತ್ತರೆ ಉಳಿದೆರಡರ ಲೆಕ್ಕ ತಪ್ಪುತ್ತದೆ, ಸೂತ್ರ ಕಟ್ಟಿದ ಗಾಳಿಪಟದ ಒಂದು ದಾರ ಬಿಚ್ಚಿದ ಹಾಗೆ.

ಕಾರು ಮಗುಚಿ ಛಾವಣಿ ಕುಸಿದರೆ ಮಾಮೂಲಿ ಬೆಲ್ಟಿನಲ್ಲಿ ಮೈ ಪಕ್ಕಕ್ಕೆ ವಾಲಲು ಅವಕಾಶವಿದೆ. ಎರಡೂ ಭುಜ ಬಿಗಿದಿದ್ದರೆ ಅದಿಲ್ಲ, ಕುಸಿದ ಛಾವಣಿಯ ಭಾರ ನೇರ ಕತ್ತಿನ ಮೇಲೆ. ಹಾಗಾಗಿ ಎರಡೂ ಭುಜ ಬಿಗಿಯುವ ಬೆಲ್ಟಿಗೆ ರೋಲ್ ಕೇಜ್ ಬೇಕು. ಇನ್ನು, ನಾಲ್ಕು ಬಿಂದುವಿನ ಬೆಲ್ಟಿಗೆ ತೊಡೆಗಳ ನಡುವಿನ ಪಟ್ಟಿ ಇಲ್ಲ. ಭುಜದ ಪಟ್ಟಿ ಬಿಗಿದಷ್ಟೂ ಸೊಂಟದ ಪಟ್ಟಿ ಹೊಟ್ಟೆಗೆ ಏರುತ್ತದೆ, ಎದುರಿನಿಂದ ಗುದ್ದಿದಾಗ ಮೈ ಕೆಳಗೆ ಜಾರಿ ಆ ಪಟ್ಟಿ ಕರುಳಿನ ಮೇಲೆ ಒತ್ತುತ್ತದೆ. ಹಾಗಾಗಿ ಆರು ಬಿಂದುವಿನ ಬೆಲ್ಟು ಬೇಕು, ಅದನ್ನು ತೂರಿಸಲು ರಂಧ್ರವಿರುವ ರೇಸ್ ಸೀಟೂ ಬೇಕು. ಕೊನೆಗೆ, ಎದೆ ಅಲುಗದಂತೆ ಬಿಗಿದು ತಲೆಯನ್ನು ಹಾಗೇ ಬಿಟ್ಟರೆ, ಹೆಲ್ಮೆಟ್ಟಿನ ತೂಕವೂ ಸೇರಿ ತಲೆ ಮುಂದಕ್ಕೆ ಎಗರುತ್ತದೆ. ತಲೆಬುರುಡೆಯ ತಳದ ಮೂಳೆ ಮುರಿಯುವುದು ಹೀಗೆ.

ಅದನ್ನು ತಡೆಯಲೆಂದೇ ಮಿಷಿಗನ್‌ನ ಬಯೋಮೆಕಾನಿಕ್ಸ್ ಪ್ರಾಧ್ಯಾಪಕ ರಾಬರ್ಟ್ ಹಬರ್ಡ್, ಅವರ ಸಂಬಂಧಿ ರೇಸ್ ಚಾಲಕ ಜಿಮ್ ಡೌನಿಂಗ್ ಸೇರಿ 1980ರ ದಶಕದಲ್ಲಿ ಹ್ಯಾನ್ಸ್ ಸಾಧನ ರೂಪಿಸಿದರು. ಭುಜದ ಮೇಲೆ ಕೂರುವ ನೊಗದಂಥ ಪಟ್ಟಿ, ಅದರಿಂದ ಹೆಲ್ಮೆಟ್ಟಿಗೆ ಎರಡು ದಾರ. 2003ರಿಂದ ಫಾರ್ಮುಲಾ ಒನ್‌ನಲ್ಲಿ ಕಡ್ಡಾಯ. ಹ್ಯಾನ್ಸ್ ನಿಲ್ಲುವುದು ಎರಡೂ ಭುಜದ ಮೇಲೆ ಹಾಯುವ ಬೆಲ್ಟಿನ ಒತ್ತಡದಿಂದ, ಆದ್ದರಿಂದ ಮಾಮೂಲಿ ಸೀಟ್ ಬೆಲ್ಟಿನ ಜೊತೆ ಅದು ಕೆಲಸ ಮಾಡುವುದಿಲ್ಲ.

ಅಂದರೆ ಕೇಜು, ಸೀಟು, ಆರು ಬಿಂದುವಿನ ಬೆಲ್ಟು, ಹ್ಯಾನ್ಸ್ ಒಟ್ಟಿಗೇ ಬರಬೇಕು. ಅಷ್ಟು ಹಾಕಿದ ಕಾರನ್ನು ದಿನನಿತ್ಯ ರಸ್ತೆಗೆ ಬಳಸುವುದೂ ಸರಿಯಲ್ಲ, ಹೆಲ್ಮೆಟ್ಟಿಲ್ಲದ ತಲೆ ಕೇಜಿನ ಕಂಬಿಗೆ ಬಡಿದರೆ ಉಳಿಯುವುದಿಲ್ಲ. ಈಗಿನ್ನೂ ಕಲಿಯುತ್ತಿರುವವರು ಕಂಪನಿಯ ಬೆಲ್ಟನ್ನೇ ಸರಿಯಾಗಿ ಹಾಕಿಕೊಳ್ಳಿ. ಸೊಂಟದ ಪಟ್ಟಿ ಹೊಟ್ಟೆಯ ಮೇಲಲ್ಲ, ಸೊಂಟದ ಮೂಳೆಯ ಮೇಲೆ ತಗ್ಗಿ ಕೂರಲಿ. ಭುಜದ ಪಟ್ಟಿ ಮೇಲಕ್ಕೆಳೆದು ಸಡಿಲ ತೆಗೆಯಿರಿ. ಪಟ್ಟಿ ತಿರುಚಿಕೊಂಡಿಲ್ಲವೆಂದು ಪ್ರತಿ ಸರದಿಗೂ ಮುಂಚೆ ಕೈಯಾಡಿಸಿ ನೋಡಿ.

ಕಾರಿನೊಳಗೆ ಏನೂ ಉಳಿಯದಿರಲಿ

ಕಾಲಡಿಯ ಮ್ಯಾಟ್, ನೀರಿನ ಬಾಟಲಿ, ಮೊಬೈಲ್ ಸ್ಟ್ಯಾಂಡ್, ಡಿಕ್ಕಿಯಲ್ಲಿರುವ ಜ್ಯಾಕು, ಸ್ಟೆಪ್ನಿ ಎಲ್ಲ ಇಳಿಸಿ. ಪೆಡಲಿನ ಕೆಳಗೆ ಉರುಳಿದ ಒಂದು ಬಾಟಲಿ ಬ್ರೇಕನ್ನೇ ತಡೆಯುತ್ತದೆ. ಡ್ಯಾಶ್‌ಬೋರ್ಡಿನ ಮೇಲಿನ ಗಣಪತಿ ವಿಗ್ರಹಕ್ಕೆ ಕೈಮುಗಿದು, ಬಟ್ಟೆಯಲ್ಲಿ ಸುತ್ತಿ ಬ್ಯಾಗಿನಲ್ಲಿಟ್ಟುಕೊಳ್ಳಿ. ಅಂಟು ಬಿಟ್ಟು ಹಾರಿದರೆ ಅದೂ ಕಲ್ಲೇ. ಬೆಂಕಿ ಆರಿಸುವ ಸಿಲಿಂಡರು ಇಡುವುದಾದರೆ ಒಂದೆರಡು ಕೆ.ಜಿ.ಯ ಎಬಿಸಿ ಪೌಡರಿನದು, ಲೋಹದ ಪಟ್ಟಿಯಲ್ಲಿ ಬೋಲ್ಟ್ ಹಾಕಿ ಕೂರಿಸಿದ್ದು, ಕೂತಲ್ಲಿಂದ ಕೈಗೆಟಕುವಂತಿದ್ದು, ಮುಳ್ಳು ಹಸಿರಿನಲ್ಲಿರಬೇಕು. ಬೋಲ್ಟ್ ಹಾಕಲಾಗದಿದ್ದರೆ ಇಡಲೇಬೇಡಿ, ಟ್ರ್ಯಾಕಿನ ಸುರಕ್ಷತೆ ನೋಡಿಕೊಳ್ಳುವ ಮಾರ್ಷಲ್‌ಗಳ ಹತ್ತಿರ ಇರುತ್ತದೆ.

ಸೆಕೆ

ಸಾವಿರ ಮೀಟರಿಗೂ ಎತ್ತರದ ಚಿಕ್ಕಮಗಳೂರಿನಿಂದ ಇಳಿದು ಹೋದವರಿಗೆ ಇರುಂಗಾಟ್ಟುಕೋಟೈನ ಬಿಸಿಲು ಬೇರೆಯೇ ಲೋಕ. ತುಂಬುತೋಳು, ಹೆಲ್ಮೆಟ್ಟು, ಆಫ್ ಮಾಡಿದ ಎಸಿ. ಬಾಯಾರುವ ಮೊದಲೇ ನೀರು, ಉಪ್ಪು ಹಾಕಿದ ಮಜ್ಜಿಗೆ, ಓಆರ್‌ಎಸ್ ಕುಡಿಯುತ್ತಿರಿ. ಬದಲಿಗೆ ಇನ್ನೊಂದು ಹತ್ತಿ ಅಂಗಿ, ಬನಿಯನ್ ಇರಲಿ. ತಲೆ ಸುತ್ತಿದರೆ, ತಿರುವಿಗೆ ತಡವಾಗಿ ಬ್ರೇಕ್ ಹಾಕುತ್ತಿದ್ದೇನೆ ಅನ್ನಿಸಿದರೆ, ಆ ಸರದಿಯ ದುಡ್ಡು ಹೋದರೆ ಹೋಗಲಿ, ಪಿಟ್ಟಿಗೆ (ಟ್ರ್ಯಾಕಿನ ಪಕ್ಕ ಕಾರು ನಿಲ್ಲಿಸುವ ಜಾಗ) ಬನ್ನಿ. ಹಾಸನದಿಂದ ಮೈಸೂರು ಮಾರ್ಗವಾಗಿ ಕೊಯಮತ್ತೂರಿಗೆ ಹೊರಟವರು, ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತದೆ ಎಂಬುದನ್ನು ನೆನಪಿಟ್ಟು ಹಿಂದಿನ ದಿನವೇ ಹೋಗಿ ನಿದ್ದೆ ಮಾಡಿ.

ಮನೆಗೆ ಬಂದಮೇಲೆ

ಮಲೆನಾಡಿನಲ್ಲಿ ಹೆಲ್ಮೆಟ್ಟಿಗೆ ದೊಡ್ಡ ಶತ್ರು ಮಳೆಗಾಲ. ಬೆವರಿನ ಮೆತ್ತೆಯನ್ನು ಹಾಗೇ ಚೀಲಕ್ಕೆ ತುಂಬಿಟ್ಟರೆ ಮೂಡಿಗೆರೆ, ಸಕಲೇಶಪುರದ ಕಡೆ ಜುಲೈ ಹೊತ್ತಿಗೆ ಬೂಷ್ಟು ಹಿಡಿದಿರುತ್ತದೆ. ಮೆತ್ತೆ ಬಿಚ್ಚಲು ಬರುವುದಾದರೆ ಬಿಚ್ಚಿ, ಸೌಮ್ಯ ಸೋಪಿನಲ್ಲಿ ತೊಳೆದು, ಫ್ಯಾನಿನ ಕೆಳಗೆ ಒಣಗಿಸಿ. ಬಚ್ಚಲ ಒಲೆಯ ಹತ್ತಿರ, ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಿ ಇಡಬೇಡಿ, ಶಾಖಕ್ಕೆ ಥರ್ಮೋಕೋಲ್ ಕೆಡುತ್ತದೆ. ಪೆಟ್ರೋಲು, ಥಿನ್ನರು, ಔಷಧಿ ಡಬ್ಬಗಳಿರುವ ತೋಟದ ಗೋದಾಮಿನಲ್ಲೂ ಬೇಡ, ಅವುಗಳ ಆವಿಯೂ ಹನಿಯೂ ಅದನ್ನು ತಿನ್ನುತ್ತವೆ. ಮನೆಯೊಳಗಿನ ಕಪಾಟಿನಲ್ಲಿ ಒಂದೆರಡು ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಸೂಟಿದ್ದರೆ ಬ್ಲೀಚು, ಕಂಡೀಷನರ್ ಹಾಕದೆ ಒಗೆದು ನೆರಳಿನಲ್ಲಿ ಒಣಗಿಸಿ.

ಪೆಟ್ಟು ಬಿದ್ದ ಹೆಲ್ಮೆಟ್ ಅಂದಿಗೇ ಮುಗಿಯಿತು. ಪೆಟ್ಟು ಬೀಳದಿದ್ದರೂ ಐದು ವರ್ಷಕ್ಕೆ ಬದಲಿಸಬೇಕೆಂಬುದು ಸ್ನೆಲ್ ಸಂಸ್ಥೆಯ ಸಲಹೆ. ಬಿಸಾಡುವ ಮುಂಚೆ ಪಟ್ಟಿಯನ್ನು ಕತ್ತರಿಸಿಬಿಡಿ. ಹೊರಗಿನಿಂದ ಹೊಸದರಂತೆ ಕಾಣುವ ಹೆಲ್ಮೆಟ್ಟನ್ನು ಯಾರಾದರೂ ಎತ್ತಿಕೊಂಡು ಹೋಗಿ ಬೈಕಿಗೆ ಬಳಸುತ್ತಾರೆ.